ಹನನ್ಯ ಎಂಬ ಹೆಸರನ್ನು ಹೊತ್ತವರು

ಮಗುವಿಗೆ ಹೆಸರು ಹುಡುಕುತ್ತಿರುವವರು ಬರೆಯುವ ಪತ್ರಗಳಲ್ಲಿ ಇತ್ತೀಚೆಗೆ ಒಂದು ಹೆಸರು ಮತ್ತೆ ಮತ್ತೆ ಕಾಣಿಸುತ್ತಿದೆ: ಹನನ್ಯ. ಕೆಲವರಿಗೆ ಅದು ‘ಅನನ್ಯ’ದ ಹಾಗೆ ಕೇಳಿಸಿ ಹಿಡಿಸಿದೆ. ಕೆಲವರಿಗೆ ಸಂಸ್ಕೃತದ ‘ಹನನ’ ನೆನಪಾಗಿ, ಕೊಲೆಯ ಅರ್ಥ ಬರುವ ಹೆಸರನ್ನು ಇಡುವುದು ಹೇಗೆ ಎಂಬ ಅಳುಕು. ಸತ್ಯವೇದವನ್ನು ಚೆನ್ನಾಗಿ ಬಲ್ಲ ಮನೆಗಳಲ್ಲಿ ಆತಂಕದ ಬಗೆಯೇ ಬೇರೆ. ಅಜ್ಜಂದಿರು ಯೆರೆಮೀಯನ ಪುಸ್ತಕ ತೆರೆದು, ಇದು ಸುಳ್ಳು ಪ್ರವಾದಿಯ ಹೆಸರಲ್ಲವೇ, ಬೇರೆ ಹೆಸರೇ ಸಿಗಲಿಲ್ಲವೇ ಎನ್ನುತ್ತಾರಂತೆ. ಎಲ್ಲ ಪತ್ರಗಳ ಒಳಗೂ ಇರುವ ಪ್ರಶ್ನೆ ಒಂದೇ. ಹೆಸರಿನ ಅರ್ಥ, ಹಿಂದೆ ಆ ಹೆಸರು ಹೊತ್ತಿದ್ದವರ ನಡತೆ, ಇವು ಮಗುವಿಗೆ ಅಂಟುತ್ತವೆಯೇ?

ಸಂಸ್ಕೃತದ ಗೊಂದಲವನ್ನು ಮೊದಲು ಮುಗಿಸಿಬಿಡೋಣ. ಹನನ್ಯ ಹೀಬ್ರೂ ಹೆಸರು. ಹನನಕ್ಕಾಗಲಿ ಅನನ್ಯಕ್ಕಾಗಲಿ ಅದಕ್ಕೆ ನಂಟಿಲ್ಲ. ಆ ಭಾಷೆಯಲ್ಲಿ ಅದೊಂದು ಪುಟ್ಟ ವಾಕ್ಯ. ‘ಹನನ್’ ಎಂದರೆ ಕೃಪೆ ತೋರಿದನು. ‘ಯಾಹ್’ ಅಥವಾ ‘ಯಾಹು’ ಎಂಬುದು ಇಸ್ರಾಯೇಲರ ದೇವರ ಹೆಸರಿನ ಮೊಟಕು ರೂಪ. ಕನ್ನಡ ಸತ್ಯವೇದ ಯೆಹೋವ ಎಂದು ಬರೆಯುವುದು ಆ ಹೆಸರನ್ನೇ. ಎರಡೂ ಸೇರಿದರೆ ಯೆಹೋವನು ಕೃಪೆ ತೋರಿದನು ಎಂದಾಯಿತು. ಈ ಕೃಪೆ ಎಂಥದು ಎಂಬುದನ್ನೂ ಹೇಳಬೇಕು. ಕೈಯಲ್ಲಿರುವವನು ಇಲ್ಲದವನ ಕಡೆಗೆ ಬಾಗಿ, ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದರೂ ಕೊಡುವಂಥದು. ಬಡವನಿಗೆ ನೆರವಾಗುವವನು ಯೆಹೋವನಿಗೇ ಸಾಲ ಕೊಟ್ಟಂತೆ ಎಂದು ಜ್ಞಾನೋಕ್ತಿಗಳ ಪುಸ್ತಕ ಹೇಳುವಾಗ ಆ ನೆರವಿಗೆ ಬಳಸುವುದೂ ಇದೇ ಕ್ರಿಯಾಪದವನ್ನು.

ಈ ವಾಕ್ಯದಲ್ಲಿ ಮಗುವಿನ ಬಗ್ಗೆ ಒಂದು ಮಾತೂ ಇಲ್ಲ ಎಂಬುದನ್ನು ಗಮನಿಸಿ. ಇದರ ಕರ್ತೃ ದೇವರು, ಕಾಲ ಭೂತಕಾಲ, ಹೇಳುತ್ತಿರುವವರು ತಂದೆತಾಯಿ. ಮಗು ಧೀರನಾಗಲಿ, ಜಾಣನಾಗಲಿ ಎಂಬ ಹಾರೈಕೆ ಇದರಲ್ಲಿಲ್ಲ. ನಮಗೆ ಹೀಗಾಯಿತು, ಕೊಟ್ಟವನು ಅವನು ಎಂದು ಊರಿಗೆ ಕೇಳುವಂತೆ ಹೇಳಿದ ಸಾಕ್ಷಿ ಮಾತ್ರ ಇದೆ. ಬಹುಶಃ ಹೆರಿಗೆ ಕಷ್ಟವಾಗಿತ್ತು, ಬಹುಶಃ ವರ್ಷಗಟ್ಟಲೆ ಕಾದ ಮೇಲೆ ಹುಟ್ಟಿದ ಮಗು. ಸತ್ಯವೇದದಲ್ಲಿ ಕಾಣುವ ಇಂಥ ಹೆಸರುಗಳನ್ನು ಓದುವಾಗ ನಾವು ಹೊತ್ತವನ ಮುಖ ನೋಡುತ್ತೇವೆ. ನೋಡಬೇಕಾದದ್ದು ಇಟ್ಟವರ ಮುಖ. ನನ್ನ ಪಾಲಿಗೆ ಈ ಹೆಸರಿನ ಕುರಿತು ಹೇಳಬೇಕಾದ ಮುಖ್ಯ ಮಾತು ಇದೇ, ಉಳಿದದ್ದೆಲ್ಲ ಇದಕ್ಕೆ ಪುರಾವೆ.

ಈ ಕುಟುಂಬ ದೊಡ್ಡದು. ಅದೇ ಎರಡು ತುಂಡುಗಳನ್ನು ತಿರುಗಿಸಿಟ್ಟರೆ ಯೋಹಾನಾನ್. ಅದರಿಂದ ನಮ್ಮ ಯೋಹಾನ, ಇಂಗ್ಲಿಷರ ಜಾನ್, ರಷ್ಯನ್ನರ ಇವಾನ್, ಪೋರ್ಚುಗೀಸರ ಮೂಲಕ ಮಂಗಳೂರಿನ ಕೊಂಕಣಿ ಕ್ರೈಸ್ತರ ಜುವಾಂವ್. ದೇವರ ಹೆಸರನ್ನು ಬಿಟ್ಟರೆ ಹನಾನ್, ಹನಾನಿ. ಹೆಣ್ಣುಮಕ್ಕಳಲ್ಲಿ ಹನ್ನ, ಶೀಲೋವಿನ ಗುಡಿಯಲ್ಲಿ ಮಗುವಿಗಾಗಿ ತುಟಿ ಮಾತ್ರ ಅಲ್ಲಾಡಿಸಿ ಬೇಡಿಕೊಂಡು, ಕುಡಿದಿದ್ದಾಳೆಂದು ಯಾಜಕ ಏಲಿಯಿಂದ ಬೈಸಿಕೊಂಡ ಸಮುವೇಲನ ತಾಯಿ. ನೆರೆಯ ಜನಗಳೂ ತಮ್ಮ ತಮ್ಮ ದೇವರನ್ನು ಇದೇ ಕ್ರಿಯಾಪದಕ್ಕೆ ಜೋಡಿಸುತ್ತಿದ್ದರು. ರೋಮ್ ಗಣರಾಜ್ಯವನ್ನು ನಡುಗಿಸಿದ ಕಾರ್ಥೇಜಿನ ದಂಡನಾಯಕ ಹ್ಯಾನಿಬಲ್‌ನ ಹೆಸರು ಹೇಳುವುದು ಬಾಳನು ಕೃಪೆ ತೋರಿದನು ಎಂದು. ಅರಬ್ಬಿಯಲ್ಲೂ ‘ಹನಾನ್’ ಇದೆ, ಮರುಕ ಎಂಬ ಅರ್ಥದಲ್ಲಿ. ಕುರ್‌ಆನ್‌ನಲ್ಲಿ ಆ ಪದ ಬರುವುದು ಒಂದೇ ಒಂದು ಕಡೆ, ಮರ್ಯಮ್ ಅಧ್ಯಾಯದಲ್ಲಿ, ಅದೂ ಯಾಹ್ಯಾನ ಬಗ್ಗೆ ಹೇಳುವಾಗ. ಯಾಹ್ಯಾ ಎಂದರೆ ಸುವಾರ್ತೆಗಳ ಸ್ನಾನಿಕ ಯೋಹಾನ. ಯೋಹಾನ ಎಂಬ ಹೆಸರಿನೊಳಗಿರುವ ಪದವೇ ಅವನ ವರ್ಣನೆಯಾಗಿ ಅಲ್ಲಿ ಮರಳಿ ಬಂದಿರುವುದನ್ನು ಮೊದಲ ಸಲ ಗಮನಿಸಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಹಳೆಯ ಒಡಂಬಡಿಕೆಯಲ್ಲಿ ಹನನ್ಯ ಎಂಬ ಹೆಸರಿನವರು ಹತ್ತಕ್ಕೂ ಹೆಚ್ಚು. ಉಜ್ಜೀಯ ರಾಜನ ಸೇನಾಧಿಕಾರಿಯೊಬ್ಬ ಇದ್ದಾನೆ. ದೇವಾಲಯದ ಹಾಡುಗಾರ ಹೇಮಾನನ ಮಕ್ಕಳಲ್ಲಿ ಒಬ್ಬನಿದ್ದಾನೆ. ಆ ಹೇಮಾನನ ಮಕ್ಕಳ ಪಟ್ಟಿಯಲ್ಲಿ ಒಂದು ಸೋಜಿಗವಿದೆ. ಹನನ್ಯನಿಂದ ಕೊನೆಯವನವರೆಗೆ ಹೆಸರುಗಳನ್ನು ಸಾಲಾಗಿ ಓದಿದರೆ, ಕೃಪೆ ತೋರು ಯಾಹ್, ನನಗೆ ಕೃಪೆ ತೋರು, ನನ್ನ ದೇವರು ನೀನೇ ಎಂದು ಶುರುವಾಗುವ ಪ್ರಾರ್ಥನೆಯ ಸಾಲುಗಳ ಹಾಗೆ ಕೇಳಿಸುತ್ತದೆ ಎಂದು ಹೀಬ್ರೂ ಬಲ್ಲವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹಾಡುಗಾರನ ಮನೆಗೆ ಒಪ್ಪುವ ಮಾತು.

ಗ್ರಂಥದ ಹೊರಗೂ ಈ ಹೆಸರು ಮಣ್ಣಿನಿಂದ ಎದ್ದು ಬಂದಿದೆ. ಜೆರೂಸಲೇಮಿನ ವಾಯವ್ಯಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ಅಲ್‌ಜೀಬ್ ಎಂಬ ಹಳ್ಳಿಯಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಪ್ರಿಚರ್ಡ್ 1956ರಿಂದ 1962ರ ನಡುವೆ ಅಲ್ಲಿ ಅಗೆದಾಗ ಬಂಡೆಯಲ್ಲಿ ಕೊರೆದ ದೊಡ್ಡ ಕೊಳ, ದ್ರಾಕ್ಷಾರಸ ಇಡುವ ನೆಲಮಾಳಿಗೆಗಳು, ಒಡೆದ ಹೂಜಿಗಳ ಹಿಡಿಗಳು ಸಿಕ್ಕವು. ಹಿಡಿಗಳ ಮೇಲೆ ಊರಿನ ಹೆಸರು ಗೀರಿತ್ತು: ಗಿಬ್ಯೋನ್. ಪಕ್ಕದಲ್ಲಿ ವ್ಯಕ್ತಿಗಳ ಹೆಸರು. ಒಂದರ ಮೇಲೆ ಅಜರ್ಯಾಹು, ಇನ್ನೊಂದರ ಮೇಲೆ ಅಮರ್ಯಾಹು, ಮತ್ತೊಂದರ ಮೇಲೆ ಹನನ್ಯಾಹು. ದಕ್ಷಿಣದ ಮರುಭೂಮಿಯ ಅಂಚಿನಲ್ಲಿರುವ ಅರಾದ್ ಕೋಟೆಯಲ್ಲಿ ಮಡಕೆ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಓಲೆಗಳು ಸಿಕ್ಕಿವೆ, ಕ್ರಿ.ಪೂ. 600ರ ಆಸುಪಾಸಿನವು. ಎಲ್ಯಾಷೀಬ ಎಂಬ ಅಧಿಕಾರಿಗೆ ಬಂದ ಒಂದರಲ್ಲಿ, ದ್ರಾಕ್ಷಾರಸ ಕೊಡು, ಜೋಡಿ ಕತ್ತೆಗಳ ಹೊರೆಯೊಂದಿಗೆ ನೀನು ಬೇರ್ಷೆಬಕ್ಕೆ ಹೋಗಬೇಕೆಂದು ಹನನ್ಯಾಹುವಿನ ಅಪ್ಪಣೆಯಾಗಿದೆ ಎಂಬ ಅರ್ಥದ ಮಾತಿದೆ. ಆ ಓಲೆಗಳನ್ನು ಅಗೆದು ತೆಗೆದ ಇಸ್ರೇಲಿ ಪುರಾತತ್ವಜ್ಞನ ಹೆಸರು ಯೊಹಾನಾನ್ ಅಹರೋನಿ. ಎರಡೂವರೆ ಸಾವಿರ ವರ್ಷಗಳ ಆಚೆಯವನಿಗೂ ಈಚೆಯವನಿಗೂ ಒಂದೇ ವಾಕ್ಯ ಹೆಸರಾಗಿತ್ತು.

ಅಂದರೆ ಆ ಕಾಲದ ಯೆಹೂದದಲ್ಲಿ ಇದು ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದ ಹೆಸರು. ಈಗ ಅಜ್ಜಂದಿರು ಅಂಜುವ ಆ ಹನನ್ಯನ ಹತ್ತಿರ ಬರೋಣ. ಅವನೂ ಗಿಬ್ಯೋನಿನವನೇ, ಅಜ್ಜೂರನ ಮಗ. ಹೂಜಿಯ ಹಿಡಿಯ ಮೇಲಿನ ಹನನ್ಯಾಹು ಇವನೇ ಎಂದು ಹೇಳಲು ಏನೂ ಆಧಾರವಿಲ್ಲ. ಅದೇ ಊರಲ್ಲಿ ಅದೇ ಹೆಸರು ಚಲಾವಣೆಯಲ್ಲಿತ್ತು ಎಂಬಷ್ಟು ಮಾತ್ರ ಖಚಿತ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರನು ಜೆರೂಸಲೇಮನ್ನು ಹಿಡಿದಿದ್ದ. ಹದಿಹರೆಯದ ರಾಜ ಯೆಹೋಯಾಕೀನ, ಯೆಕೊನ್ಯ ಎಂಬುದೂ ಅವನ ಹೆಸರೇ, ಪಟ್ಟಕ್ಕೆ ಬಂದು ಮೂರು ತಿಂಗಳಾಗಿತ್ತಷ್ಟೆ. ಅವನನ್ನು, ಅವನ ತಾಯಿಯನ್ನು, ಕಮ್ಮಾರರು ಬಡಗಿಗಳನ್ನೆಲ್ಲ ಸೆರೆ ಒಯ್ದು, ದೇವಾಲಯದ ಪಾತ್ರೆಗಳನ್ನೂ ಹೊತ್ತೊಯ್ದರು. ಅವನ ಚಿಕ್ಕಪ್ಪ ಚಿದ್ಕೀಯನನ್ನು ಗದ್ದುಗೆಯಲ್ಲಿ ಕೂರಿಸಿದರು. ಚಿದ್ಕೀಯನ ನಾಲ್ಕನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 594-93ರಲ್ಲಿ, ಎದೋಮ್, ಮೋವಾಬ್, ಅಮ್ಮೋನ್, ತೂರ್, ಸೀದೋನ್‌ಗಳ ದೂತರು ಜೆರೂಸಲೇಮಿಗೆ ಬಂದಿದ್ದರು. ಒಟ್ಟಾಗಿ ಬಾಬಿಲೋನಿನ ವಿರುದ್ಧ ಏಳಬಹುದೇ ಎಂಬ ಮಾತುಕತೆ. ಪ್ರವಾದಿ ಯೆರೆಮೀಯನು ಎತ್ತಿನ ಹಾಗೆ ಕೊರಳಿಗೆ ಮರದ ನೊಗ ಕಟ್ಟಿಕೊಂಡು ತಿರುಗಾಡತೊಡಗಿದ. ನೊಗಕ್ಕೆ ತಲೆ ಕೊಟ್ಟು ಬದುಕಿಕೊಳ್ಳಿ, ಕೊಡವಿಕೊಂಡರೆ ಅಳಿದುಹೋಗುತ್ತೀರಿ ಎಂಬುದು ಅವನ ಸಂದೇಶ.

ಐದನೇ ತಿಂಗಳಲ್ಲಿ ದೇವಾಲಯದ ಅಂಗಳದಲ್ಲಿ ಯಾಜಕರ, ಜನರ ಎದುರಿಗೇ ಹನನ್ಯ ಎದ್ದು ನಿಂತ. ಯೆಹೋವನ ಹೆಸರಿನಲ್ಲೇ ಮಾತಾಡಿದ. ಬಾಬಿಲೋನ್ ರಾಜನ ನೊಗ ಮುರಿದುಹೋಯಿತು. ಎರಡು ವರ್ಷದೊಳಗೆ ಪಾತ್ರೆಗಳೆಲ್ಲ ಹಿಂದಿರುಗುತ್ತವೆ, ಯೆಕೊನ್ಯ ರಾಜನೂ ಸೆರೆಹೋದ ಎಲ್ಲರೂ ಮರಳುತ್ತಾರೆ ಎಂದ. ಅವನನ್ನು ಮೂರ್ಖ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಬಾಬಿಲೋನಿನ ವೃತ್ತಾಂತ ಫಲಕಗಳ ಪ್ರಕಾರ ನೆಬೂಕದ್ನೆಚ್ಚರನ ಹತ್ತನೇ ವರ್ಷದಲ್ಲಿ, ಅಂದರೆ ಇದಕ್ಕೆ ಸ್ವಲ್ಪವೇ ಹಿಂದೆ, ಅವನ ಸ್ವಂತ ನಾಡಿನಲ್ಲೇ ದಂಗೆ ಎದ್ದಿತ್ತು. ಅಂಥ ಸುದ್ದಿ ಜೆರೂಸಲೇಮಿನ ಕಿವಿಗೆ ಬಿದ್ದಿದ್ದರೆ ಎರಡು ವರ್ಷ ಎಂಬುದು ಹುಚ್ಚು ಲೆಕ್ಕವಾಗಿ ಕಾಣುತ್ತಿರಲಿಲ್ಲ. ಜೊತೆಗೆ ಅವನ ಹೆಸರು. ಯೆಹೋವನು ಕೃಪೆ ತೋರಿದನು ಎಂಬ ಹೆಸರಿನವನು ಕೃಪೆಯ ಸುದ್ದಿ ತಂದಿದ್ದಾನೆ. ಮಗನನ್ನೋ ಅಣ್ಣನನ್ನೋ ಸೆರೆಗೆ ಕಳುಹಿಸಿ ಕಾಯುತ್ತಿದ್ದ ಯಾರು ತಾನೇ ಅದನ್ನು ನಂಬಲು ಬಯಸಿರಲಿಕ್ಕಿಲ್ಲ?

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಸತ್ಯವೇದದ ಒಂದು ಅಧ್ಯಾಯ ಓದುವ ರೂಢಿಯಿತ್ತು. ಯೆರೆಮೀಯನ 28ನೇ ಅಧ್ಯಾಯದ ಸರದಿ ಬಂದಾಗ ತಾಯಿ ಹನನ್ಯನ ಮಾತುಗಳನ್ನು ಗಟ್ಟಿ ದನಿಯಲ್ಲಿ ಓದಿ, ಯೆರೆಮೀಯನ ಉತ್ತರಕ್ಕೆ ಬಂದೊಡನೆ ದನಿ ತಗ್ಗಿಸುತ್ತಿದ್ದರು. ಆ ಉತ್ತರದ ಮೊದಲ ಮಾತು ಆಮೆನ್. ಹಾಗೇ ಆಗಲಿ, ಯೆಹೋವನು ನಿನ್ನ ಮಾತನ್ನು ನಡೆಸಿಕೊಡಲಿ ಎನ್ನುತ್ತಾನೆ ಯೆರೆಮೀಯ. ವ್ಯಂಗ್ಯ ಎಂದು ಕೆಲವು ವ್ಯಾಖ್ಯಾನಕಾರರು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಅವನೂ ಆ ನಾಡಿನವನು, ಅವನಿಗೂ ಸೆರೆಹೋದವರು ಬರಬೇಕಾಗಿತ್ತು. ಆಮೇಲೆ ಅವನು ಒಂದೇ ಒಂದು ಎಚ್ಚರಿಕೆ ಹೇಳುತ್ತಾನೆ. ನಮಗಿಂತ ಹಿಂದಿನ ಪ್ರವಾದಿಗಳು ಯುದ್ಧ, ಕೇಡು, ವ್ಯಾಧಿಗಳ ಮಾತಾಡಿದರು. ಸಮಾಧಾನದ ಮಾತಾಡುವವನನ್ನು ಮಾತು ನೆರವೇರಿದಾಗಲೇ ನಂಬಬೇಕು. ಹನನ್ಯ ಅದಕ್ಕೆ ಬರೀ ಬಾಯಲ್ಲಿ ಉತ್ತರ ಕೊಡುವುದಿಲ್ಲ. ಯೆರೆಮೀಯನ ಕೊರಳಿನ ನೊಗವನ್ನೇ ಕಿತ್ತು ಜನರೆದುರು ಮುರಿದುಹಾಕುತ್ತಾನೆ. ಯೆರೆಮೀಯ ಮಾತಿಲ್ಲದೆ ಹೊರಟುಹೋಗುತ್ತಾನೆ.

ಆ ಹೊರಟುಹೋಗುವುದು ನನ್ನನ್ನು ಇವತ್ತಿಗೂ ತಡೆದು ನಿಲ್ಲಿಸುತ್ತದೆ. ಹೇಳಲು ದೇವರ ಮಾತು ಆ ಕ್ಷಣಕ್ಕೆ ಅವನ ಬಳಿ ಇರಲಿಲ್ಲ, ಆದ್ದರಿಂದ ಹೇಳಲಿಲ್ಲ. ಎದುರಾಳಿಗೆ ತಡವರಿಕೆಯೇ ಇಲ್ಲ, ಇವನಿಗೆ ಕಾಯುವ ತಾಳ್ಮೆಯಿದೆ. ಅಂಗಳದಲ್ಲಿ ನಿಂತು ನೋಡುತ್ತಿದ್ದವರಿಗೆ ಗೆದ್ದವನು ಯಾರೆಂದು ತೋರಿರಬಹುದು? ಹೀಬ್ರೂ ಮೂಲ ಈ ಅಧ್ಯಾಯದಲ್ಲಿ ಹನನ್ಯನನ್ನು ಸುಳ್ಳು ಪ್ರವಾದಿ ಎಂದು ಒಮ್ಮೆಯೂ ಕರೆಯುವುದಿಲ್ಲ. ಇಬ್ಬರಿಗೂ ಒಂದೇ ಬಿರುದು, ಪ್ರವಾದಿ. ‘ಸುಳ್ಳು’ ಎಂಬ ಪಟ್ಟಿಯನ್ನು ಮೊದಲ ವಾಕ್ಯದಲ್ಲೇ ಅಂಟಿಸಿದವರು ಶತಮಾನಗಳ ಬಳಿಕ ಗ್ರೀಕ್‌ಗೆ ಅನುವಾದಿಸಿದವರು. ಅವರಿಗೆ ಕಥೆಯ ಕೊನೆ ಗೊತ್ತಿತ್ತು. ಅಂಗಳದಲ್ಲಿದ್ದವರಿಗೆ ಗೊತ್ತಿರಲಿಲ್ಲ. ಹೀಬ್ರೂ ಮೂಲ ನಮ್ಮನ್ನು ಅವರ ನಡುವೆಯೇ ನಿಲ್ಲಿಸುತ್ತದೆ. ಹೆಸರು ನೋಡಿ, ಬಿರುದು ನೋಡಿ, ದನಿ ಕೇಳಿ ತೀರ್ಮಾನಿಸಲು ಬಿಡುವುದಿಲ್ಲ.

ಕೆಲವು ಕಾಲದ ಮೇಲೆ ಯೆರೆಮೀಯನಿಗೆ ಮಾತು ಬಂತು. ಮರದ ನೊಗ ಮುರಿದೆ, ಅದರ ಬದಲಿಗೆ ಕಬ್ಬಿಣದ ನೊಗ ಬಂದಿದೆ. ನಿನ್ನನ್ನು ಯೆಹೋವನು ಕಳುಹಿಸಿಲ್ಲ, ಜನ ಸುಳ್ಳನ್ನು ನಂಬುವಂತೆ ಮಾಡಿದೆ, ಈ ವರ್ಷವೇ ಸಾಯುತ್ತೀ ಎಂದ. ಏಳನೇ ತಿಂಗಳಲ್ಲಿ ಹನನ್ಯ ಸತ್ತ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಯೆರೆಮೀಯನು ಬಾಬಿಲೋನಿನ ಸೆರೆಯವರಿಗೆ ಪತ್ರ ಬರೆಯುತ್ತಾನೆ: ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಒಳಿತಿಗಾಗಿ ಬೇಡಿಕೊಳ್ಳಿ, ಹಿಂದಿರುಗುವುದಕ್ಕೆ ಎಪ್ಪತ್ತು ವರ್ಷ ಹಿಡಿಯುತ್ತದೆ. ಎರಡು ವರ್ಷ ಎಂದು ನಂಬಿಸಿದ್ದವರಿಗೆ ಎಪ್ಪತ್ತು ಎಂದು ಬರೆಯುವುದು ಎಷ್ಟು ಕಠಿಣವಾಗಿತ್ತೋ.

ಇಷ್ಟರಿಂದಲೇ ಹೆಸರು ಕೆಟ್ಟಿತು ಎನ್ನುವವರು ಯೆರೆಮೀಯನ ಪುಸ್ತಕವನ್ನು ಇನ್ನೂ ಮುಂದಕ್ಕೆ ಓದಬೇಕು. ಅವನ ಬದುಕಿನ ಸುತ್ತ ಈ ಹೆಸರಿನ ಬಂಧುಗಳೇ ತುಂಬಿದ್ದಾರೆ. ಅವನು ರೇಕಾಬ್ಯರೆಂಬ ಮನೆತನದವರನ್ನು ದೇವಾಲಯಕ್ಕೆ ಕರೆತಂದು ಕೂರಿಸಿದ್ದು ಹಾನಾನನ ಮಕ್ಕಳ ಕೊಠಡಿಯಲ್ಲಿ. ನಗರ ಬಿದ್ದುಹೋದ ಮೇಲೆ ಅವನ ಮಾತು ಕೇಳದೆ ಉಳಿದವರನ್ನೆಲ್ಲ ಅವನ ಸಮೇತ ಈಜಿಪ್ಟಿಗೆ ಕರೆದೊಯ್ದ ದಂಡಿನ ನಾಯಕ ಕಾರೇಹನ ಮಗ ಯೋಹಾನಾನ, ಹನನ್ಯ ಎಂಬುದರ ತಿರುವುಮುರುವು ರೂಪ. ಹಾಗೆಂದು ಯೋಹಾನ ಎಂದು ಮಗುವಿಗೆ ಹೆಸರಿಡಲು ಯಾರೂ ಹಿಂಜರಿದದ್ದನ್ನು ನಾನು ಕಂಡಿಲ್ಲ.

ಇನ್ನು ಬಾಬಿಲೋನಿನ ಹನನ್ಯ. ದಾನಿಯೇಲನ ಪುಸ್ತಕ ಈಗಿನ ರೂಪ ಪಡೆದದ್ದು ಕ್ರಿ.ಪೂ. 2ನೇ ಶತಮಾನದಲ್ಲಿ ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಆದರೆ ಅದು ಹೇಳುವ ಕಥೆಯ ಕಾಲ ಮಾತ್ರ ನೆಬೂಕದ್ನೆಚ್ಚರನದೇ. ಸೆರೆ ಬಂದ ನಾಲ್ವರು ಯುವಕರು ದಾನಿಯೇಲ, ಹನನ್ಯ, ಮೀಶಾಯೇಲ, ಅಜರ್ಯ. ಅರಮನೆಯ ಅಧಿಕಾರಿ ಮೊದಲು ಮಾಡಿದ ಕೆಲಸ ಅವರ ಹೆಸರು ಬದಲಿಸಿದ್ದು. ಹನನ್ಯ ಶದ್ರಕನಾದ. ಹೊಸ ಹೆಸರುಗಳಲ್ಲಿ ಇಸ್ರಾಯೇಲಿನ ದೇವರ ಸುಳಿವು ಉಳಿಯಲಿಲ್ಲ. ಚಿನ್ನದ ಪ್ರತಿಮೆಗೆ ಅಡ್ಡಬೀಳದ ತಪ್ಪಿಗೆ ಮೂವರನ್ನು ಏಳ್ಮಡಿ ಕಾಯಿಸಿದ ಬೆಂಕಿಯ ಆವಿಗೆಗೆ ಎಸೆಯುವ ಆ ಪ್ರಸಿದ್ಧ ಅಧ್ಯಾಯದಲ್ಲಿ ಅವರ ತಂದೆತಾಯಿ ಇಟ್ಟ ಹೆಸರು ಹೀಬ್ರೂ ಬೈಬಲ್ಲಿನಲ್ಲಿ ಒಮ್ಮೆಯೂ ಬರುವುದಿಲ್ಲ; ಶದ್ರಕ್, ಮೇಶಕ್, ಅಬೇದ್‌ನೆಗೋ ಎಂದೇ ಉದ್ದಕ್ಕೂ. ಗ್ರೀಕ್ ಪಾಠದಲ್ಲಿ, ಕಥೋಲಿಕರ ಬೈಬಲ್ಲಿನಲ್ಲೂ, ಬೆಂಕಿಯೊಳಗಿಂದ ಮೂವರು ಹಾಡುವ ಹಾಡೊಂದು ಸೇರಿದೆ. ಅದರ ಕೊನೆಗೆ ಅವರು ತಮ್ಮನ್ನು ತಾವೇ ಕರೆದುಕೊಳ್ಳುವಾಗ ಬಾಯಿಗೆ ಬರುವುದು ಹಳೆಯ ಹೆಸರುಗಳು.

ಆವಿಗೆಯ ಬಾಯಲ್ಲಿ ನಿಂತು ರಾಜನಿಗೆ ಅವರು ಕೊಟ್ಟ ಉತ್ತರವನ್ನು ಗಿಬ್ಯೋನಿನವನ ಮಾತಿನ ಪಕ್ಕದಲ್ಲಿಟ್ಟು ನೋಡಿ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು; ಬಿಡಿಸದೆ ಹೋದರೂ ನಾವು ಅಡ್ಡಬೀಳುವುದಿಲ್ಲ ಎಂದರು. ಇಬ್ಬರು ಹನನ್ಯರಿಗೂ ಎದುರಿದ್ದ ಅರಸ ಒಬ್ಬನೇ, ಇಬ್ಬರ ಹೆಸರೂ ಒಂದೇ ವಾಕ್ಯ. ಒಬ್ಬನು ಕೃಪೆಗೆ ಎರಡು ವರ್ಷದ ಗಡುವು ಕಟ್ಟಿದ. ಇನ್ನೊಬ್ಬನು ಗಡುವನ್ನೂ ಕೇಳಲಿಲ್ಲ, ಬಿಡುಗಡೆಯ ಖಾತರಿಯನ್ನೂ ಕೇಳಲಿಲ್ಲ. ಆ ಹೆಸರನ್ನು ತನ್ನದಾಗಿಸಿಕೊಂಡವನು ಈ ಎರಡನೆಯವನು ಎಂದೇ ನನ್ನ ಭಾವನೆ, ಅರಮನೆಯಲ್ಲಿ ಅವನನ್ನು ಯಾರೂ ಆ ಹೆಸರಿನಿಂದ ಕರೆಯದೆ ಹೋದರೂ.

ಸೆರೆಯ ನಂತರದ ಹನನ್ಯರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ. ನೆಹೆಮೀಯನು ಜೆರೂಸಲೇಮಿನ ಗೋಡೆ ಕಟ್ಟಿಸಿದಾಗ ಕಲ್ಲು ಹೊತ್ತವರಲ್ಲಿ ಸುಗಂಧದ್ರವ್ಯ ತಯಾರಿಸುವವನೊಬ್ಬನಿದ್ದ, ಹನನ್ಯ. ಅತ್ತರು ಅರೆಯುವ ಕೈ ಗಾರೆ ಕಲಸಿತು. ಗೋಡೆ ಮುಗಿದ ಮೇಲೆ ನಗರದ ಕಾವಲನ್ನು ನೆಹೆಮೀಯನು ಇಬ್ಬರಿಗೆ ಒಪ್ಪಿಸಿದ: ತನ್ನ ಸಹೋದರ ಹನಾನಿ, ಕೋಟೆಯ ಅಧಿಕಾರಿ ಹನನ್ಯ. ನಂಬಿಗಸ್ತ, ಅನೇಕರಿಗಿಂತ ಹೆಚ್ಚಾಗಿ ದೇವರಿಗೆ ಅಂಜುವವನು ಎಂಬುದು ಆ ಹನನ್ಯನಿಗೆ ಕೊಟ್ಟ ಯೋಗ್ಯತಾಪತ್ರ. ಈಜಿಪ್ಟಿನ ಅಸ್ವಾನ್ ಬಳಿ ನೈಲ್ ನದಿಯ ನಡುಗಡ್ಡೆ ಎಲಿಫೆಂಟೈನ್‌ನಲ್ಲಿ ಪರ್ಷಿಯನ್ನರ ಸೇವೆಯಲ್ಲಿದ್ದ ಯೆಹೂದಿ ಸೈನಿಕರ ವಸತಿಯೊಂದಿತ್ತು. ಕ್ರಿ.ಪೂ. 419ರಲ್ಲಿ ಅವರಿಗೆ ಹನನ್ಯ ಎಂಬುವನು ಬರೆದ, ಅಲ್ಲಲ್ಲಿ ಹರಿದ ಪಪೈರಸ್ ಪತ್ರ ಸಿಕ್ಕಿದೆ: ಹುಳಿಯಿಲ್ಲದ ರೊಟ್ಟಿಯ ಹಬ್ಬದ ದಿನಗಳಲ್ಲಿ ಶುದ್ಧರಾಗಿರಿ, ಕೆಲಸ ಮಾಡಬೇಡಿ, ಹುಳಿ ಬೆರೆತದ್ದನ್ನು ಮುಟ್ಟಬೇಡಿ. ಇನ್ನೊಂದು ಪತ್ರದಲ್ಲಿ ಅಲ್ಲಿನ ಯೆಹೂದಿಗಳು ಹೇಳಿಕೊಳ್ಳುತ್ತಾರೆ, ಹನನ್ಯನು ಈಜಿಪ್ಟಿಗೆ ಬಂದ ದಿನದಿಂದ ಖ್ನೂಮ್ ದೇವರ ಕಡೆಯವರು ನಮಗೆ ವಿರೋಧವಾಗಿದ್ದಾರೆ ಎಂದು. ಕ್ರಿ.ಪೂ. 410ರಲ್ಲಿ ಆ ಯೆಹೂದಿಗಳ ಗುಡಿಯನ್ನು ಕೆಡವಿಯೂ ಹಾಕಿದರು.

ಹೊಸ ಒಡಂಬಡಿಕೆಗೆ ಬಂದರೆ ಕನ್ನಡ ಓದುಗರಿಗೆ ಈ ಹೆಸರು ಕಣ್ಣಿಗೆ ಬೀಳುವುದಿಲ್ಲ. ಗ್ರೀಕ್ ಬರಹದಲ್ಲಿ ‘ಹ’ಕಾರ ಉದುರಿ ಅದು ಅನನಿಯಸ್ ಆಗಿತ್ತು, ಕನ್ನಡ ಸತ್ಯವೇದ ಅದನ್ನು ಹಿಡಿದು ಅನನೀಯ ಎಂದು ಬರೆಯಿತು. ಸಮುವೇಲನ ತಾಯಿ ಹನ್ನ, ಲೂಕನ ಸುವಾರ್ತೆಯ ವೃದ್ಧೆ ಅನ್ನ ಆದದ್ದೂ ಹೀಗೆಯೇ. ಆದ್ದರಿಂದ ಹನನ್ಯ, ಅನನೀಯ ಒಂದೇ ಎಂದು ಹೇಳಿದಾಗ ವರ್ಷಗಟ್ಟಲೆ ಸತ್ಯವೇದ ಓದಿದವರೂ ಬೆರಗಾಗುತ್ತಾರೆ.

ಅಪೊಸ್ತಲರ ಕೃತ್ಯಗಳಲ್ಲಿ ಮೂವರು ಅನನೀಯರಿದ್ದಾರೆ. ಮೊದಲನೆಯವನು ಹೊಲ ಮಾರಿ, ಹಣದಲ್ಲಿ ಒಂದು ಪಾಲು ಬಚ್ಚಿಟ್ಟು, ಇಷ್ಟೇ ಬಂದದ್ದು ಎಂಬಂತೆ ಪೇತ್ರನ ಪಾದದ ಬಳಿ ಇಟ್ಟವನು. ಅವನೂ ಅವನ ಹೆಂಡತಿ ಸಪ್ಫೈರಳೂ ಅಲ್ಲೇ ಬಿದ್ದು ಸತ್ತರು. ಕೊನೆಯವನು ಮಹಾಯಾಜಕ, ಪೌಲನ ಬಾಯಿಗೆ ಹೊಡೆಯಲು ಅಪ್ಪಣೆ ಕೊಟ್ಟವನು. ಕ್ರಿ.ಶ. 66ರ ದಂಗೆಯಲ್ಲಿ ಅವನು ಅಡಗಿಕೊಂಡಿದ್ದಲ್ಲಿಂದ ಹಿಡಿದು ತಂದು ಕೊಂದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಇವರಿಬ್ಬರ ನಡುವೆ ದಮಸ್ಕದ ಅನನೀಯ.

ಅವನಿಗೆ ಬಂದ ಅಪ್ಪಣೆ ಇದು: ನೆಟ್ಟಗಿನ ಬೀದಿಗೆ ಹೋಗು, ಯೂದನ ಮನೆಯಲ್ಲಿ ತಾರ್ಸದ ಸೌಲನನ್ನು ವಿಚಾರಿಸು, ಅವನ ಮೇಲೆ ಕೈಯಿಡು. ಸೌಲ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತು. ದಮಸ್ಕದಲ್ಲಿರುವ ಯೇಸುವಿನ ಶಿಷ್ಯರನ್ನು ಹಿಡಿದು ಕಟ್ಟಿ ಒಯ್ಯಲು ಅಧಿಕಾರಪತ್ರ ತಂದವನು. ಹಿಡಿಯಬೇಕಾದವರ ಪಟ್ಟಿಯಲ್ಲಿ ಅನನೀಯನ ಹೆಸರೂ ಇರಬಹುದಾಗಿತ್ತು. ಅವನು ತನ್ನ ಕರ್ತನಿಗೆ ಅದನ್ನೇ ಬಿಚ್ಚಿ ಹೇಳುತ್ತಾನೆ, ಈ ಮನುಷ್ಯನ ಬಗ್ಗೆ ನಾನು ಬಹಳ ಕೇಳಿದ್ದೇನೆ ಎಂದು. ಆಮೇಲೆ ಹೋಗುತ್ತಾನೆ. ಕಣ್ಣು ಕಾಣದೆ, ಮೂರು ದಿನ ಅನ್ನನೀರಿಲ್ಲದೆ ಕುಳಿತವನ ಮೇಲೆ ಕೈಯಿಟ್ಟು ಮೊದಲು ಕರೆದದ್ದು ‘ಸಹೋದರ’ ಎಂದು. ಸೌಲನ ಕಣ್ಣಿಂದ ಪೊರೆಯಂಥದು ಕಳಚಿಬಿತ್ತು. ಮುಂದೆ ಪೌಲನೆನಿಸಿದ ಈ ಸೌಲನು ಜೆರೂಸಲೇಮಿನಲ್ಲಿ ತನ್ನ ಕಥೆ ಹೇಳುವಾಗ ಅನನೀಯನನ್ನು ನೆನೆಯುವುದು ಬಿಟ್ಟರೆ ಪುಸ್ತಕ ಅವನ ಸುದ್ದಿಗೆ ಮತ್ತೆ ಬರುವುದಿಲ್ಲ. ದಮಸ್ಕದ ಹಳೆಯ ನಗರದಲ್ಲಿ ಆ ಬೀದಿ ಇಂದಿಗೂ ಇದೆ. ಅದರ ಪೂರ್ವದ ತುದಿಯ ಬಾಬ್ ಶರ್ಕೀ ದ್ವಾರದ ಹತ್ತಿರ, ಮೆಟ್ಟಿಲಿಳಿದು ಹೋಗುವ ನೆಲದಡಿಯ ಪುಟ್ಟ ಚರ್ಚು ಅವನ ಹೆಸರಿನಲ್ಲಿದೆ. ಅರಬ್ಬಿಯಲ್ಲಿ ಅವನನ್ನು ಕರೆಯುವುದು ಹನಾನಿಯಾ ಎಂದು. ಗ್ರೀಕ್‌ನಲ್ಲಿ ಉದುರಿದ ‘ಹ’ಕಾರ ಅವನ ಊರಿನಲ್ಲಿ ಉಳಿದಿದೆ.

ಹಾಗಾಗಿ, ಕೇಳಿದ ತಂದೆತಾಯಿಗಳಿಗೆ: ಇಡಬಹುದು, ಧಾರಾಳವಾಗಿ ಇಡಿ. ಗ್ರಂಥದಲ್ಲಿ ಹನನ್ಯರೆಲ್ಲ ಗಂಡಸರು, ಆದರೆ ಅರ್ಥಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಹಳೆಯ ರೂಢಿಯೇ ಬೇಕೆನ್ನುವವರಿಗೆ ಮಗಳಿಗೆ ಹನ್ನ ಇದೆ. ಸುಳ್ಳು ಪ್ರವಾದಿಯ ಹೆಸರು ಎಂದು ಅಂಜುವ ಅಜ್ಜಂದಿರಿಗೆ ಮಾತ್ರ ನಾನು ಒಂದು ವಂಶಾವಳಿಯನ್ನು ತೋರಿಸಬಯಸುತ್ತೇನೆ.

ಎರಡು ವರ್ಷದಲ್ಲಿ ಮರಳುತ್ತಾನೆ ಎಂದು ಗಿಬ್ಯೋನಿನ ಹನನ್ಯನು ಸಾರಿದ ಯೆಕೊನ್ಯ ರಾಜ ಮರಳಲೇ ಇಲ್ಲ. ಜರ್ಮನಿಯ ರಾಬರ್ಟ್ ಕೋಲ್ಡೆವೇ 20ನೇ ಶತಮಾನದ ಆರಂಭದಲ್ಲಿ ಬಾಬಿಲೋನನ್ನು ಅಗೆದಾಗ ಸಿಕ್ಕ, 1939ರಲ್ಲಿ ಓದಿ ಪ್ರಕಟಿಸಿದ ಮಣ್ಣಿನ ಫಲಕಗಳಲ್ಲಿ ಯೆಹೂದದ ಅರಸನಿಗೂ ಅವನ ಐವರು ಗಂಡುಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ಸೆರೆಯ 37ನೇ ವರ್ಷದಲ್ಲಿ ಅವನನ್ನು ಬಂದೀಖಾನೆಯಿಂದ ಬಿಟ್ಟು ಬಾಬಿಲೋನ್ ರಾಜನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿದರೆಂದು ಅರಸುಗಳ ಎರಡನೇ ಪುಸ್ತಕದ ಕೊನೆಯ ವಾಕ್ಯಗಳು ಹೇಳುತ್ತವೆ. ಸುಳ್ಳು ಭರವಸೆಗೆ ಇಡೀ ನಾಡಿನಲ್ಲಿ ಹೆಚ್ಚು ಬೆಲೆ ತೆತ್ತ ಕುಟುಂಬವಿದ್ದರೆ ಅದು ಇದೇ. ಪೂರ್ವಕಾಲವೃತ್ತಾಂತದ ಮೊದಲನೇ ಪುಸ್ತಕದ ಮೂರನೇ ಅಧ್ಯಾಯ ಆ ಕುಟುಂಬದ ಮುಂದಿನ ತಲೆಮಾರುಗಳನ್ನು ಕೊಡುತ್ತದೆ. ಯೆಕೊನ್ಯನ ಮಗ ಪೆದಾಯ, ಪೆದಾಯನ ಮಗ ಜೆರುಬ್ಬಾಬೆಲ. ಜನರನ್ನು ಜೆರೂಸಲೇಮಿಗೆ ಕರೆತಂದು ದೇವಾಲಯ ಕಟ್ಟಲು ನಿಂತವನು ಈ ಜೆರುಬ್ಬಾಬೆಲನೇ. ಅವನ ಮಕ್ಕಳಲ್ಲಿ ಪಟ್ಟಿ ಮೊದಲು ಹೆಸರಿಸುವುದು ಇಬ್ಬರು ಗಂಡುಮಕ್ಕಳನ್ನು, ಅವರ ಸಹೋದರಿ ಶೆಲೋಮೀತಳನ್ನು. ಮೊದಲನೆಯವನು ಮೆಷುಲ್ಲಾಮ, ಎರಡನೆಯವನು ಹನನ್ಯ.